ನಾಲ್ಕನೆಯ ಪಿನ್ನು ಖಾಲಿ ಇದೆಯೇ, ಮೊದಲು ನೋಡಿ

ಪ್ರಶ್ನೆ: ಬೆಟಗೇರಿಯಲ್ಲಿ ಸಣ್ಣದೊಂದು ಡಿಟಿಪಿ ಕೇಂದ್ರ ನಡೆಸುತ್ತೇನೆ. ಲಗ್ನಪತ್ರಿಕೆ, ಬಿಲ್ ಪುಸ್ತಕಗಳ ಕೆಲಸ. ಕಳೆದ ತಿಂಗಳು ಕಂಪ್ಯೂಟರಿನ ಪ್ರೊಸೆಸರ್ ಮೇಲಿನ ಫ್ಯಾನ್ ಕೆಟ್ಟು, ಅಂಗಡಿಯವರು ಹೊಸದು ಹಾಕಿಕೊಟ್ಟರು. ಅಂದಿನಿಂದ ಗುಂಡಿ ಒತ್ತಿದಾಗಿನಿಂದ ಆರಿಸುವವರೆಗೂ ಹಿಟ್ಟಿನ ಗಿರಣಿಯ ಸದ್ದು. ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಮೂಲ ಸೆಟ್ಟಿಂಗ್ ಪುಟದಲ್ಲಿ) ‘ಸೈಲೆಂಟ್’ ಇಟ್ಟರೂ ಕಡಿಮೆಯಾಗಲಿಲ್ಲ. ಉಷ್ಣತೆ 42 ಡಿಗ್ರಿ ತೋರಿಸುತ್ತದೆ. ಮದರ್‌ಬೋರ್ಡ್ ಹೋಗಿದೆ, ಬದಲಿಸಿ ಎನ್ನುತ್ತಿದ್ದಾರೆ. ಬದಲಿಸಲೇ?

ಉತ್ತರ: ಬದಲಿಸಬೇಡಿ. ಪಿನ್ನು ಎಣಿಸುವ ಮುನ್ನ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ.

ಉಷ್ಣತೆಯ ಅಂಕಿಯನ್ನು ನೀವು ಬರೆದು ಕಳುಹಿಸಿದ್ದು ಬಹಳ ಒಳ್ಳೆಯದಾಯಿತು. 85, 90 ಡಿಗ್ರಿ ಇದ್ದಿದ್ದರೆ ಫ್ಯಾನ್ ಭೋರ್ಗರೆಯುವುದು ಅದರ ಧರ್ಮ. ಆಗ ಹೀಟ್‌ಸಿಂಕ್ (ಪ್ರೊಸೆಸರಿನ ಬಿಸಿ ಹೀರುವ ಲೋಹದ ತುಂಡು) ಸರಿಯಾಗಿ ಕೂತಿಲ್ಲ, ಅವೆರಡರ ನಡುವಿನ ಪೇಸ್ಟ್ ಒಣಗಿದೆ ಎಂದು ಬರೆಯುತ್ತಿದ್ದೆ. 42ಕ್ಕೇ ಕೂಗುತ್ತಿದೆ ಎಂದರೆ ನಿಧಾನವಾಗು ಎಂಬ ಮಾತು ಫ್ಯಾನಿಗೆ ತಲುಪುತ್ತಿಲ್ಲ.

ಕಂಪ್ಯೂಟರ್ ಆರಿಸಿ, ವೈರನ್ನು ಪ್ಲಗ್ಗಿನಿಂದ ಕಿತ್ತು, ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆಯಿರಿ. ಬೋರ್ಡಿನ ಮೇಲೆ ‘ಸಿಪಿಯು ಫ್ಯಾನ್’ ಎಂದು ಅಚ್ಚಾದ ಕಡೆ ನಾಲ್ಕು ಪಿನ್ನುಗಳು ನಿಂತಿರುತ್ತವೆ. ಫ್ಯಾನಿನಿಂದ ಅಲ್ಲಿಗೆ ಎಷ್ಟು ತಂತಿ ಬಂದಿದೆ? ಮೂರೇ ಬಂದು ಒಂದು ಪಿನ್ನು ಬರಿದಾಗಿ ಹೊರಗೆ ಇಣುಕುತ್ತಿದ್ದರೆ ಕಾರಣ ಸಿಕ್ಕಿತು.

ಹೋದ ಬೇಸಿಗೆಯಲ್ಲಿ ಅಣ್ಣಿಗೇರಿಯಿಂದ ಒಬ್ಬರು ಇಡೀ ಕ್ಯಾಬಿನೆಟ್ಟನ್ನು ಚಾದರದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಹುಬ್ಬಳ್ಳಿಯ ನನ್ನ ಅಂಗಡಿಗೆ ತಂದಿದ್ದರು. ಅವರದೂ ಇದೇ ಕಥೆ, ಹೊಸ ಬೋರ್ಡಿಗೆ ಹಣ ಹೊಂದಿಸಿಕೊಂಡೇ ಬಂದಿದ್ದರು. ಬಯಾಸ್‌ನಲ್ಲಿ ಒಂದು ಸಾಲು ಬದಲಿಸಿದೆ. ಸದ್ದು ಇಳಿದಾಗ ಅವರು ಫ್ಯಾನ್ ನಿಂತೇಹೋಯಿತೆಂದು ಗಾಬರಿಯಾಗಿ ಬಗ್ಗಿ ನೋಡಿದರು.

ನಾಲ್ಕು ತಂತಿಯ ಫ್ಯಾನಿಗೆ 12 ವೋಲ್ಟ್ ಯಾವಾಗಲೂ ಹರಿಯುತ್ತಿರುತ್ತದೆ. ವೇಗದ ಆಜ್ಞೆ ನಾಲ್ಕನೆಯ ತಂತಿಯಲ್ಲಿ, ಸೆಕೆಂಡಿಗೆ ಸುಮಾರು 25,000 ಬಾರಿ ಹೊತ್ತಿ ಆರುವ ಮಿಡಿತವಾಗಿ ಬರುತ್ತದೆ. ಇದಕ್ಕೇ ಪಿಡಬ್ಲ್ಯುಎಂ ಎನ್ನುವುದು. ಇಂಟೆಲ್ ಪ್ರೊಸೆಸರಿನ ಜೊತೆಗೆ ಬರುವ ಫ್ಯಾನಿನಲ್ಲಿ ಆ ತಂತಿ ನೀಲಿ. ಮೂರು ತಂತಿಯ ಫ್ಯಾನಿಗೆ ಆ ಕಿವಿಯೇ ಇಲ್ಲ. ಅದಕ್ಕೆ ಬರುವ ವೋಲ್ಟೇಜನ್ನೇ ಇಳಿಸಬೇಕು. ನಿಮ್ಮ ಬೋರ್ಡು ‘ಸೈಲೆಂಟ್’ ಆಜ್ಞೆಯನ್ನು ಖಾಲಿ ಪಿನ್ನಿನಲ್ಲಿ ಕಳುಹಿಸುತ್ತಿದೆ, ಫ್ಯಾನಿಗೆ ಮಾತ್ರ ಪೂರ್ತಿ 12 ವೋಲ್ಟ್ ಕೊಡುತ್ತಿದೆ.

ಬಯಾಸ್‌ನಲ್ಲಿ ಫ್ಯಾನ್ ವಿಭಾಗಕ್ಕೆ ಹೋಗಿ. ಏಸಸ್ ಬೋರ್ಡಾದರೆ ‘ಕ್ಯೂ-ಫ್ಯಾನ್’, ಗಿಗಾಬೈಟ್ ಆದರೆ ‘ಸ್ಮಾರ್ಟ್ ಫ್ಯಾನ್’. ಅಲ್ಲಿ ‘ಪಿಡಬ್ಲ್ಯುಎಂ’ ಎಂದಿರುವುದನ್ನು ‘ಡಿಸಿ’ (ವೋಲ್ಟೇಜ್ ಇಳಿಸಿ ವೇಗ ತಗ್ಗಿಸುವ ವಿಧಾನ) ಮಾಡಿ, ಉಳಿಸಿ ಹೊರಬನ್ನಿ. ಕನಿಷ್ಠ ವೇಗವನ್ನು ತೀರಾ ಕೆಳಗೆ ಎಳೆಯಬೇಡಿ, ಶೇ 50ರಿಂದ ಆರಂಭಿಸಿ. ವೋಲ್ಟೇಜ್ ಬಹಳ ಇಳಿದರೆ ಮೂರು ತಂತಿಯ ಫ್ಯಾನ್ ತಿರುಗಲು ತಡವರಿಸುತ್ತದೆ, ಗದಗಿನ ಏಪ್ರಿಲ್ ಬಿಸಿಲಿನಲ್ಲಿ ಅದು ನಿಮಗೆ ಬೇಡ. ಕೆಲವು ಬೋರ್ಡುಗಳಲ್ಲಿ ಪ್ರೊಸೆಸರ್ ಫ್ಯಾನಿಗೆ ‘ಡಿಸಿ’ ಆಯ್ಕೆಯೇ ಇರುವುದಿಲ್ಲ. ಹಾಗಿದ್ದರೆ ನಾಲ್ಕು ತಂತಿಯ ಫ್ಯಾನ್ ಕೇಳಿ ತನ್ನಿ, ಬೋರ್ಡಿಗಿಂತ ಎಷ್ಟೋ ಅಗ್ಗ.

ನಾಲ್ಕೂ ತಂತಿ ಸರಿಯಾಗಿ ಕೂತಿದ್ದೂ ಕೂಗುತ್ತಿದ್ದರೆ ಆ ಕೊನೆಯ ತಂತಿ ಒಳಗೇ ತುಂಡಾಗಿರಬಹುದು. ಆಜ್ಞೆ ಬಾರದಿದ್ದರೆ ಪೂರ್ತಿ ವೇಗದಲ್ಲಿ ತಿರುಗಬೇಕೆಂದೇ ಇಂಥ ಫ್ಯಾನನ್ನು ರೂಪಿಸಿರುತ್ತಾರೆ. ಸಂದೇಹ ಬಂದಾಗ ಯಂತ್ರವನ್ನು ತಂಪಾಗಿಡುವ ಆ ಎಚ್ಚರಿಕೆಯ ಬಗ್ಗೆ ನನಗೆ ತುಂಬ ಗೌರವವಿದೆ.

ಪ್ರಶ್ನೆ: ಬ್ಯಾಡಗಿಯಲ್ಲಿ ನಮ್ಮದು ಮೆಣಸಿನಕಾಯಿ ದಲಾಲಿ ಅಂಗಡಿ. ಲೆಕ್ಕದ ಕಂಪ್ಯೂಟರ್ ದಿನಾ ‘ಸಿಪಿಯು ಫ್ಯಾನ್ ಎರರ್’ ಎಂದು ನಿಲ್ಲುತ್ತದೆ, ಎಫ್1 ಒತ್ತಿದರೆ ಮುಂದೆ ಹೋಗುತ್ತದೆ. ಈ ಎಚ್ಚರಿಕೆಯನ್ನು ಬಯಾಸ್‌ನಲ್ಲಿ ‘ಇಗ್ನೋರ್’ ಮಾಡಿಬಿಟ್ಟರೆ ಆಗದೇ?

ಉತ್ತರ: ದಯವಿಟ್ಟು ಮಾಡಬೇಡಿ. ಫ್ಯಾನಿನ ಒಂದು ತಂತಿ ಪ್ರತಿ ಸುತ್ತಿಗೂ ಬೋರ್ಡಿಗೆ ಲೆಕ್ಕ ಒಪ್ಪಿಸುತ್ತದೆ. ಲೆಕ್ಕ ಕಡಿಮೆ ಬಿದ್ದುದರಿಂದ ಬೋರ್ಡು ನಿಮ್ಮನ್ನು ಕರೆಯುತ್ತಿದೆ. ಮೊದಲು ಫ್ಯಾನ್ ತಿರುಗುವುದನ್ನು ಕಣ್ಣಾರೆ ನೋಡಿ. ಸರಾಗವಾಗಿ, ನಿಧಾನವಾಗಿ ತಿರುಗುತ್ತಿದ್ದರೆ ಎಚ್ಚರಿಕೆಯ ಕೆಳಮಿತಿಯನ್ನು ಬಯಾಸ್‌ನಲ್ಲಿ ನಿಮಿಷಕ್ಕೆ 600 ಸುತ್ತಿನಿಂದ 300ಕ್ಕೆ ಇಳಿಸಿದರೆ ಸಾಕು. ತಡವರಿಸುತ್ತಿದ್ದರೆ ಧೂಳು. ನಿಮ್ಮ ಪೇಟೆಯ ಧೂಳು ಬರಿಯ ಮಣ್ಣಲ್ಲ. ಮೆಣಸಿನಕಾಯಿಯ ಎಣ್ಣೆಯಂಶ ಸೇರಿ ರೆಕ್ಕೆಗೆ ಕೆಂಪು ಪೊರೆಯಾಗಿ ಮೆತ್ತಿಕೊಂಡಿರುತ್ತದೆ, ಊದಿದರೆ ಹೋಗುವುದಿಲ್ಲ. ಪ್ಲಗ್ ಕಿತ್ತು, ಒಣ ಬ್ರಷ್ಷಿನಿಂದ ಕೆರೆದು ಆಮೇಲೆ ಬ್ಲೋವರ್ ಹಿಡಿಯಿರಿ. ಹಿಡಿಯುವಾಗ ಒಂದು ಬೆರಳಿನಿಂದ ರೆಕ್ಕೆಯನ್ನು ತಡೆದಿಡಿ, ಗಾಳಿಗೆ ಮಿತಿಮೀರಿ ಸುತ್ತಿದರೆ ಬೇರಿಂಗ್ ಹಾಳಾಗುತ್ತದೆ. ಕೆಲಸ ಅಂಗಡಿಯ ಹೊರಗೆ, ಗಾಳಿಗೆ ಬೆನ್ನು ಮಾಡಿ ಕೂತು ನಡೆಯಲಿ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳಿ, ಮಕ್ಕಳನ್ನು ಹತ್ತಿರ ಬಿಡಬೇಡಿ.