ಗೇಟಿಗೆ ಅಡ್ಡ ಯಾರದೋ ಕಾರು: ಬೇಸಿಗೆ ರಜೆ ಬಂದರೆ ಹೆದರುತ್ತಿದ್ದ ಮಹಿಳೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

"ರಜೆ ಹತ್ರ ಬಂತು ಅಂದ್ರೆ ಎದೆ ಡವಡವ ಅನ್ನುತ್ತೆ ಮೇಡಂ. ಜನ ಖುಷಿಯಾಗಿರೋಕೆ ಬರ್ತಾರೆ, ನಾನು ಅವರನ್ನ ಕಂಡ್ರೆ ಉರಿದು ಬೀಳ್ತೀನಿ. ನಾನು ಕೆಟ್ಟವಳಾ?"

ಹೀಗೆ ಕೇಳುತ್ತಾ ಸಲಹೆಗೆಂದು ನನ್ನ ಬಳಿ ಬಂದವರು ಐವತ್ತು ದಾಟಿದ ಮಹಿಳೆ. ಮನೆ ಇರುವುದು ಹಳ್ಳಿಯಲ್ಲಿ. ಎದುರಿನ ಕಿರಿದಾದ ರಸ್ತೆ ಪ್ರವಾಸಿಗರು ಮುಗಿಬೀಳುವ ಜಾಗಕ್ಕೆ ಹೋಗುತ್ತದೆ. ದೊಡ್ಡ ರಸ್ತೆ ಜಾಮ್ ಆದರೆ ಮೊಬೈಲ್ ಮ್ಯಾಪ್ ಎಲ್ಲರನ್ನೂ ಈ ಒಳದಾರಿಗೇ ತಿರುಗಿಸುತ್ತದೆ. ಹಾರ್ನ್, ಧೂಳು, ಗೇಟಿಗೆ ಅಡ್ಡ ನಿಂತ ಕಾರುಗಳು. ಒಳಗೆ ಹಾಸಿಗೆ ಹಿಡಿದ ಅತ್ತೆ. ರಾತ್ರಿ ಆಂಬುಲೆನ್ಸ್ ಬೇಕಾದರೆ ಅದು ಒಳಗೆ ಬರುವುದು ಹೇಗೆ ಎಂಬ ಯೋಚನೆಯಲ್ಲೇ ಆಕೆಗೆ ನಿದ್ದೆ ಬರುತ್ತಿರಲಿಲ್ಲ.

ಇನ್ನೊಂದು ಗಂಟೂ ಇತ್ತು. ಮೈದುನ ಮನೆಯ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತಾನೆ. ಅತ್ತೆಯ ಔಷಧಿ ಬರುವುದು ಆ ದುಡ್ಡಿನಿಂದಲೇ. ಹಾಗಾಗಿ ಮನೆಯಲ್ಲಿ ಬಾಯಿ ಬಿಡುವಂತಿಲ್ಲ. ನುಂಗಿಕೊಂಡ ಸಿಟ್ಟು ಯಾರೋ ಪರಿಚಯವಿಲ್ಲದ ಡ್ರೈವರ್ ಮೇಲೆ ಸಿಡಿಯುತ್ತಿತ್ತು, ಆಮೇಲೆ ಅಳು.

ನಾನು ಮೊದಲು ಹೇಳಿದ್ದು: ನೀವು ಕೆಟ್ಟವರಲ್ಲ. ಪ್ರವಾಸಿಗರು ಹೆಚ್ಚಾದಂತೆ ಊರಿನವರ ಮನಸ್ಸು ಸಂಭ್ರಮದಿಂದ ಉದಾಸೀನಕ್ಕೆ, ಅಲ್ಲಿಂದ ಕಿರಿಕಿರಿಗೆ, ಕೊನೆಗೆ ಹಗೆತನಕ್ಕೆ ಜಾರಬಹುದು ಎಂದು ಡಾಕ್ಸಿ ಎಂಬ ಸಂಶೋಧಕರು 1975ರಲ್ಲೇ ಬರೆದಿದ್ದಾರೆ. ಎಲ್ಲ ಊರೂ ಹಾಗೇ ಆಗಬೇಕೆಂದಿಲ್ಲ. ಆದರೆ ಇದು ನಿಮ್ಮೊಬ್ಬರ ಸ್ವಭಾವದ ದೋಷ ಅಲ್ಲ ಅಲ್ವಾ? ಇದನ್ನು ಕೇಳಿ ಆಕೆ ತುಂಬಾ ಹೊತ್ತು ಸುಮ್ಮನೆ ಕೂತರು.

ಮನೋವಿಜ್ಞಾನಿಗಳಾದ ಗ್ಲಾಸ್ ಮತ್ತು ಸಿಂಗರ್ ಅವರ ಒಂದು ಪ್ರಯೋಗ ನನಗೆ ಇಂಥ ಕಡೆ ಬಹಳ ಸಹಾಯಕ್ಕೆ ಬರುತ್ತದೆ. ಜೋರು ಸದ್ದಿನಲ್ಲಿ ಕೂತ ಕೆಲವರಿಗೆ, ಬೇಕಾದರೆ ಸದ್ದು ನಿಲ್ಲಿಸಲು ಒಂದು ಗುಂಡಿ ಕೊಟ್ಟಿದ್ದರು. ಹೆಚ್ಚಿನವರು ಅದನ್ನು ಒತ್ತಲೇ ಇಲ್ಲ. ಆದರೂ ಗುಂಡಿ ಇಲ್ಲದವರಿಗಿಂತ ಅವರು ಮುಂದಿನ ಕೆಲಸವನ್ನು ಚೆನ್ನಾಗಿ ಮಾಡಿದರು. ಸದ್ದಿನ ಜೊತೆಗೆ, ನಮ್ಮ ಕೈಯಲ್ಲಿ ಏನೂ ಇಲ್ಲ ಎಂಬ ಭಾವನೆಯೂ ನಮ್ಮನ್ನು ಹಣ್ಣು ಮಾಡುತ್ತದೆ. ಹಾಗಾಗಿ ಆಕೆಯ ಕೈಯಲ್ಲಿ ಏನಿದೆ ಎಂದು ಇಬ್ಬರೂ ಹುಡುಕಿದೆವು.

ಮಲಗುವ ಜಾಗವನ್ನು ಹಿಂದಿನ ಕೋಣೆಗೆ ಬದಲಿಸಲು ಹೇಳಿದೆ. ರಸ್ತೆ ಕಡೆಯ ಕಿಟಕಿಯ ಸಂದುಗಳನ್ನು ಮುಚ್ಚಬೇಕು. ಫ್ಯಾನಿನ ಒಂದೇ ಸಮನಾದ ಸದ್ದು ಹಾರ್ನನ್ನು ಸ್ವಲ್ಪ ನುಂಗುತ್ತದೆ. ಹೊರಗಿನ ಕೆಲಸಗಳನ್ನು ವಾರದ ದಿನ ಬೆಳಗ್ಗೆಯೇ ಮುಗಿಸಿದರೆ ಒಳ್ಳೆಯದು. ಇನ್ನು ಡ್ರೈವರ್ ಜೊತೆ ಜಗಳ ಬೇಡ. ಒಂದೇ ಮಾತು ಸಾಕು: "ಒಳಗೆ ಹುಷಾರಿಲ್ಲದವರು ಇದ್ದಾರೆ, ದಾರಿ ಬಿಡಿ." ಅದಕ್ಕೂ ಜಗ್ಗದಿದ್ದರೆ ಫೋಟೊ ತೆಗೆದು ಒಳಗೆ ಬನ್ನಿ.

ಆ ಫೋಟೊ, ದಿನ, ಹೊತ್ತು ಇವೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಇರಲಿ. "ಪ್ರವಾಸಿಗರ ಕಾಟ ಜಾಸ್ತಿ" ಎಂದರೆ ಅಧಿಕಾರಿಗಳು ತಲೆ ಆಡಿಸಿ ಕಳಿಸುತ್ತಾರೆ. "ಆಂಬುಲೆನ್ಸ್ ದಾರಿ ಮುಚ್ಚಿಹೋಗುತ್ತಿದೆ, ಇಲ್ಲಿ ನೋ ಪಾರ್ಕಿಂಗ್ ಬೋರ್ಡ್ ಬೇಕು" ಎಂದು ನಾಲ್ಕು ಮನೆಯವರು ಸೇರಿ ಬರೆದುಕೊಟ್ಟರೆ ಹಾಗೆ ಸುಲಭವಾಗಿ ತಳ್ಳಿಹಾಕಲು ಆಗುವುದಿಲ್ಲ. ಮನೆ ಎದುರಿಗೇ ಹಂಪ್ ಕೇಳಬೇಡಿ ಎಂದೂ ಎಚ್ಚರಿಸಿದೆ. ಬ್ರೇಕ್ ಹಾಕಿ ಮತ್ತೆ ಆಕ್ಸಿಲರೇಟರ್ ಒತ್ತುವ ಸದ್ದು ಕಿಟಕಿಗೇ ಬಂದು ಬಡಿಯುತ್ತದೆ.

ಕಷ್ಟವಾಗಿದ್ದು ಮೈದುನನ ಜೊತೆ ಮಾತು. ಅದನ್ನು ಸೀಸನ್ ಶುರುವಾಗುವ ಮುಂಚೆಯೇ ಆಡಲು ಹೇಳಿದೆ. "ಬಾಡಿಗೆ ನಿಲ್ಲಿಸು" ಎಂದು ಬೇಡ. "ಬುಕಿಂಗ್ ಆದವರಿಗೆ ಕಾರು ಎಲ್ಲಿ ನಿಲ್ಲಿಸಬೇಕು ಅಂತ ಮೊದಲೇ ಮೆಸೇಜ್ ಮಾಡು, ರಾತ್ರಿ ಹತ್ತರ ಮೇಲೆ ಗಲಾಟೆ ಬೇಡ ಅಂತ ತಿಳಿಸು" ಎಂದು ಕೇಳಿ. ಆಕೆ ಕೇಳಿದರು. ಅವನು ಒಪ್ಪಿದ. ಅತ್ತಿಗೆ ನಿದ್ದೆ ಮಾಡುತ್ತಿಲ್ಲ ಎಂಬುದೇ ಅವನಿಗೆ ಗೊತ್ತಿರಲಿಲ್ಲವಂತೆ.

ವಾಹನಗಳು ಕಡಿಮೆಯಾಗಿಲ್ಲ. ಬೋರ್ಡಿನ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ನಿದ್ದೆ ಮಾತ್ರ ಮರಳಿದೆ. ಎದೆ ಬಡಿತಕ್ಕೆ ಬೇರೆ ಕಾರಣವೂ ಇರಬಹುದು, ಹಾಗಾಗಿ ಬಿಪಿ ನೋಡಿಸಿಕೊಳ್ಳಲು ವೈದ್ಯರ ಬಳಿ ಕಳಿಸಿದ್ದೇನೆ.