"ಅಕ್ಕ ಇದ್ದಾಳಲ್ಲ!"

ಈ ದಂಪತಿ ಸಲಹೆ ಕೇಳೋಕೆ ನನ್ನ ಹತ್ತಿರ ಬಂದಾಗ ಅವರ ಪ್ರವಾಸಕ್ಕೆ ಇನ್ನು ಮೂರು ವಾರ ಇತ್ತು. ಏಳು ರಾತ್ರಿಯ ಕ್ರೂಸ್. ಮಗಳಿಗೆ 12 ವರ್ಷ, ಮಗನಿಗೆ 7. ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಅವರನ್ನು ಸುಮಾ, ರಘು ಅಂತ ಕರೆಯೋಣ. ಮಕ್ಕಳು ನಿಶಾ ಮತ್ತು ಅಪ್ಪು.

ಕೂತ ಕೂಡಲೇ ರಘು ಶುರು ಮಾಡಿದರು. "ಮೇಡಂ, ನೀವೇ ಹೇಳಿ. ಹಡಗು ಬಿಟ್ಟು ಮಕ್ಕಳು ಎಲ್ಲಿಗೆ ಹೋಗ್ತಾರೆ? ಸುತ್ತಲೂ ನೀರು."

"ನನಗೆ ಭಯ ಇರೋದೂ ಅದಕ್ಕೇ" ಅಂದರು ಸುಮಾ. "ಸುತ್ತಲೂ ನೀರು."

ರಾತ್ರಿ ಮಕ್ಕಳನ್ನು ಕ್ಯಾಬಿನ್‌ನಲ್ಲಿ ಮಲಗಿಸಿ, ಗಂಡ ಹೆಂಡತಿ ಇಬ್ಬರೇ ಎರಡು ಗಂಟೆ ಹೊರಗೆ ಕೂರಬೇಕು ಅನ್ನೋದು ರಘು ಆಸೆ. ಅದರಲ್ಲಿ ತಪ್ಪೇನೂ ಇಲ್ಲ. ಅಪ್ಪು ಹುಟ್ಟಿದ ಮೇಲೆ ಇಬ್ಬರೇ ಕೂತು ನೆಮ್ಮದಿಯಾಗಿ ಊಟ ಮಾಡಿದ್ದೇ ಇಲ್ಲವಂತೆ. ಸುಮಾ ಮಾತ್ರ ಒಂದು ನಿಮಿಷಕ್ಕೂ ಒಪ್ಪುತ್ತಿರಲಿಲ್ಲ. "ಎಷ್ಟನೇ ವಯಸ್ಸಿಗೆ ಬಿಡಬಹುದು? ಒಂದು ನಂಬರ್ ಹೇಳಿಬಿಡಿ, ಜಗಳ ಮುಗೀತದೆ" ಅಂತ ಇಬ್ಬರೂ ಕೇಳಿದರು.

ನಂಬರ್ ಬೇಕಿದ್ದರೆ ಹಡಗಿನ ಕಂಪನಿಗಳೇ ಕೊಡುತ್ತವೆ. ಸಾಮಾನ್ಯವಾಗಿ ಮೂರು ವರ್ಷದಿಂದ ಹನ್ನೊಂದು, ಹನ್ನೆರಡರವರೆಗೆ ಮಕ್ಕಳ ಕ್ಲಬ್. ಅದಕ್ಕಿಂತ ದೊಡ್ಡವರಿಗೆ ಬೇರೆ ಕ್ಲಬ್. ಕೆಲವು ಹಡಗುಗಳಲ್ಲಿ ಎಂಟೊಂಬತ್ತು ದಾಟಿದ ಮಕ್ಕಳು, ಅಪ್ಪ ಅಮ್ಮ ಒಪ್ಪಿಗೆ ಕೊಟ್ಟಿದ್ದರೆ, ಕ್ಲಬ್‌ನಿಂದ ತಾವೇ ಹೊರಗೆ ಹೋಗಬಹುದು. ಆದರೆ ಕಂಪನಿಗೆ ನಿಮ್ಮ ಮಗು ಗೊತ್ತಿಲ್ಲ. ಮುಂದಿನ ಸಲ ಮಕ್ಕಳನ್ನೂ ಕರೆದುಕೊಂಡು ಬನ್ನಿ ಅಂದೆ.

ಅಪ್ಪು ಮಾತಿನ ಮಲ್ಲ. "ಬಾಗಿಲು ಯಾರು ತಟ್ಟಿದರೂ ತೆಗೀಬಾರದು" ಅಂತ ಕಂಠಪಾಠ ಒಪ್ಪಿಸಿದ. ಸರಿ, ಒಂದು ಆಟ ಆಡೋಣ ಅಂತ ನಾನು ಹೊರಗೆ ಹೋಗಿ ಬಾಗಿಲು ಹಾಕಿಕೊಂಡೆ. ತಟ್ಟಿದೆ. ಸದ್ದಿಲ್ಲ. ಮತ್ತೆ ತಟ್ಟಿದೆ. "ಯಾರೂ ಇಲ್ಲ!" ಅಂತ ಕೂಗಿದ. ಒಳಗೆ ನಗು. ಮೂರನೇ ಸಲ ದನಿ ಬದಲಿಸಿ, "ಹಡಗಿನ ಸಿಬ್ಬಂದಿ ಪುಟ್ಟಾ, ಅಮ್ಮ ಟವೆಲ್ ಕೇಳಿದ್ದರು" ಅಂದೆ.

ಬಾಗಿಲು ತೆರೆಯಿತು. ಅಪ್ಪು ಎರಡೂ ಕೈ ಚಾಚಿ ನಿಂತಿದ್ದ, ಟವೆಲ್ ಈಸಿಕೊಳ್ಳೋಕೆ.

ರಘು ಮುಖ ಇಳಿದುಹೋಯಿತು. ಅಪ್ಪುವನ್ನು ಬೈಯಬೇಡಿ ಅಂತ ನಾನೇ ಹೇಳಬೇಕಾಯಿತು. ಅವನಿಗೆ "ಯಾರು ತಟ್ಟಿದರೂ" ಅಂದರೆ ಕಳ್ಳರು. ಸಿಬ್ಬಂದಿ ಆ ಲೆಕ್ಕದಲ್ಲಿ ಬರೋದಿಲ್ಲ. ಯೂನಿಫಾರ್ಮ್ ನೋಡಿದರೆ ದೊಡ್ಡವರೇ ಬಾಗಿಲು ತೆಗೀತೀವಿ ಅಲ್ವಾ?

ಅಷ್ಟೂ ಹೊತ್ತು ನಿಶಾ ಮೂಲೆಯಲ್ಲಿ ಕೂತು ಜಡೆಯ ತುದಿ ಬಿಚ್ಚಿ ಹೆಣೆಯುತ್ತಿದ್ದಳು. ಅವಳನ್ನು ಏನು ಕೇಳಿದರೂ ಉತ್ತರ ರಘು ಅವರಿಂದ ಬರುತ್ತಿತ್ತು. "ಅವಳು ತುಂಬಾ ಜವಾಬ್ದಾರಿ ಇರೋ ಹುಡುಗಿ ಮೇಡಂ. ಅಪ್ಪುಗೆ ಏನು ಭಯ, ಅಕ್ಕ ಇದ್ದಾಳಲ್ಲ!" ಹತ್ತು ನಿಮಿಷದಲ್ಲಿ ಈ ಮಾತು ನಾಲ್ಕು ಸಲ ಬಂತು. ನಾನು ಎಣಿಸಿಕೊಂಡೆ.

ಅಪ್ಪ ಅಮ್ಮನನ್ನು ಹೊರಗೆ ಕೂರಿಸಿ ನಿಶಾಳನ್ನೇ ಕೇಳಿದೆ. "ನಾನು ಒಬ್ಬಳೇ ಇರಬಲ್ಲೆ ಆಂಟಿ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಅವನ ಜೊತೆ ಆಗಲ್ಲ. ಅವನು ನನ್ನ ಮಾತು ಕೇಳಲ್ಲ. ಏನಾದ್ರೂ ಆದ್ರೆ ಬೈಸ್ಕೊಳ್ಳೋದು ನಾನು."

ಇದನ್ನು ನಿಶಾಳ ಒಪ್ಪಿಗೆ ಪಡೆದು ಇಬ್ಬರಿಗೂ ತಿಳಿಸಿದೆ. ಸುಮಾ ಅತ್ತುಬಿಟ್ಟರು. ಹನ್ನೊಂದು ವರ್ಷದವರಿದ್ದಾಗ ಒಂದು ದೊಡ್ಡ ಜನಸಂದಣಿಯಲ್ಲಿ ತಮ್ಮನ ಕೈ ಹಿಡಿದುಕೋ ಅಂತ ಅವರಿಗೆ ಹೇಳಿದ್ದರಂತೆ. ಅವನು ಕೈ ಬಿಡಿಸಿಕೊಂಡು ಓಡಿದ. ಗಂಟೆಯೊಳಗೆ ಸಿಕ್ಕಿದ. ಆದರೆ ಆ ಗಂಟೆಯ ಲೆಕ್ಕ ಮನೆಯವರು ವರ್ಷಗಟ್ಟಲೆ ಇವರಿಂದ ಕೇಳಿದರು. ಗಂಡನಿಗೆ ಇದು ಹೊಸ ಸುದ್ದಿ. ಸುಮಾ ಅವರ "ಬೇಡವೇ ಬೇಡ"ದ ಬೇರು ಹಡಗಿನಲ್ಲಿರಲಿಲ್ಲ. ರಘು ಅದನ್ನು ಬರೀ ಹಟ ಅಂದುಕೊಂಡಿದ್ದರು. ನಿಜ ಹೇಳಬೇಕೆಂದರೆ, ಮೊದಲ ದಿನ ನಾನೂ ಹಾಗೇ ಅಂದುಕೊಂಡಿದ್ದೆ.

ಇದಾದ ಮೇಲೆ ಸಲಹೆ ಕೊಡೋದು ಸುಲಭವಾಯಿತು. ಮೊದಲನೆಯದು, ಅಕ್ಕನನ್ನು ತಮ್ಮನ ಕಾವಲಿಗೆ ಹಾಕುವುದಿಲ್ಲ. ಒಂದು ರಾತ್ರಿಗೂ ಇಲ್ಲ. ಅಪ್ಪು ಕ್ಯಾಬಿನ್‌ನಲ್ಲಿ ಇದ್ದಾನೆ ಅಂದರೆ ದೊಡ್ಡವರು ಒಬ್ಬರು ಅಲ್ಲಿರಬೇಕು. ನೀವಿಬ್ಬರೇ ಕೂರೋ ಎರಡು ಗಂಟೆ ಅವನು ಕ್ಲಬ್‌ನಲ್ಲಿರಲಿ. ರಾತ್ರಿ ತಡವಾಗಿಯೂ ಮಕ್ಕಳನ್ನು ನೋಡಿಕೊಳ್ಳುವ ಏರ್ಪಾಡು ಎಷ್ಟೋ ಹಡಗುಗಳಲ್ಲಿದೆ. ಗಂಟೆ ಲೆಕ್ಕದಲ್ಲಿ ದುಡ್ಡು ತೊಗೋತಾರೆ. ಅದು ದಂಡದ ಖರ್ಚಲ್ಲ.

ನಿಶಾಗೆ "ಬಿಡ್ತೀವಿ", "ಬಿಡಲ್ಲ" ಅನ್ನೋ ಒಂದೇ ಮಾತು ಸಾಲದು. ಜಾಗ ನೋಡಿ ಹೇಳಬೇಕು. ಹಗಲು ಕ್ಲಬ್, ಗ್ರಂಥಾಲಯ, ಐಸ್ ಕ್ರೀಮ್ ಸಿಗೋ ಜಾಗ, ಇಲ್ಲಿಗೆಲ್ಲ ಒಬ್ಬಳೇ ಹೋಗಿ ಬರಲಿ. ಅವಳಿಗೂ ಅದು ಬೇಕು. ಈಜುಕೊಳಕ್ಕೆ ಬೇಡ, ಈಜು ಬಂದರೂ ಬೇಡ. ಹಲವು ಹಡಗುಗಳ ಕೊಳದ ಹತ್ತಿರ ಲೈಫ್‌ಗಾರ್ಡ್ ಇರೋದಿಲ್ಲ, ಬೋರ್ಡ್ ಇರುತ್ತದೆ ಅಷ್ಟೇ. ಬಾಲ್ಕನಿಗೆ ದೊಡ್ಡವರಿಲ್ಲದೆ ಮಕ್ಕಳು ಹೋಗೋದು ಬೇಡ. ಅಲ್ಲಿನ ಕಟಕಟೆ ಗಟ್ಟಿಯಾಗೇ ಇರುತ್ತದೆ. ತೊಂದರೆ ಕುರ್ಚಿಯದು. ಕುರ್ಚಿ ಎಳೆದುಕೊಂಡು ಹತ್ತಿದರೆ ಕಟಕಟೆಯ ಎತ್ತರಕ್ಕೆ ಬೆಲೆಯಿಲ್ಲ.

ಇನ್ನೊಂದನ್ನು ನಿಶಾಗೆ ನೇರವಾಗಿ, ಸುತ್ತಿಬಳಸದೆ ಹೇಳಿದೆ. ಬೇರೆ ಯಾರ ಕ್ಯಾಬಿನ್ನಿಗೂ ಹೋಗಬಾರದು. ಹೊಸ ಗೆಳತಿ ಕರೆದರೂ, ಆಂಟಿ ಕರೆದರೂ, ಸಿಬ್ಬಂದಿ ಕರೆದರೂ. ದೊಡ್ಡ ಹಡಗಿನಲ್ಲಿ ಸಾವಿರಾರು ಜನ ಇರುತ್ತಾರೆ. ಅಷ್ಟು ಜನರಲ್ಲಿ ನಿಮಗೆ ಗೊತ್ತಿರೋರು ನಾಲ್ಕೇ ಜನ, ನಿಮ್ಮನ್ನೂ ಸೇರಿಸಿ.

ನಡುಸಮುದ್ರದಲ್ಲಿ ಫೋನಿಗೆ ದಡದ ಟವರಿನ ಸಿಗ್ನಲ್ ಸಿಗೋದಿಲ್ಲ. ಹಡಗಿನ ವೈಫೈ, ಆ್ಯಪ್ ಇದ್ದರೆ ಸರಿ, ಇಲ್ಲದಿದ್ದರೆ ಹೇಳಿದ ಜಾಗ, ಹೇಳಿದ ಹೊತ್ತು. ಬರೋದು ತಡವಾದರೆ ಒಬ್ಬರು ಹುಡುಕಲಿ, ಇನ್ನೊಬ್ಬರು ಆ ಜಾಗ ಬಿಟ್ಟು ಕದಲಬಾರದು ಅಂದೆ.

ಹತ್ತಿದ ದಿನದ ಸುರಕ್ಷತಾ ಡ್ರಿಲ್, ಅಂದರೆ ಅಪಾಯ ಬಂದರೆ ಯಾರು ಎಲ್ಲಿ ಸೇರಬೇಕು ಅನ್ನೋ ಅಭ್ಯಾಸ, ತಪ್ಪಿಸಬೇಡಿ ಅಂತಲೂ ಒತ್ತಿ ಹೇಳಿದೆ. ರಘುಗೆ ಅದು ಬೋರ್ ಹೊಡೆಸೋ ಶಾಸ್ತ್ರ. ಮೊದಲು ಹೊಸಬರು ಹತ್ತಿದ 24 ಗಂಟೆಯೊಳಗೆ ಡ್ರಿಲ್ ಮಾಡಿದರೆ ಸಾಕಿತ್ತು. 2012ರ ಜನವರಿಯಲ್ಲಿ ಕೋಸ್ಟಾ ಕಾಂಕಾರ್ಡಿಯಾ ಅನ್ನೋ ಕ್ರೂಸ್ ಹಡಗು ಇಟಲಿಯ ಜಿಲಿಯೋ ದ್ವೀಪದ ಹತ್ತಿರ ಬಂಡೆಗೆ ತಾಗಿ ವಾಲಿ, 32 ಜನ ಸತ್ತರು. ಆ ಸಂಜೆ ಹತ್ತಿದ ನೂರಾರು ಜನರಿಗೆ ಡ್ರಿಲ್ ಇನ್ನೂ ಆಗಿಯೇ ಇರಲಿಲ್ಲ. 2015ರಿಂದ ನಿಯಮ ಬದಲಾಗಿದೆ, ಹಡಗು ಹೊರಡುವ ಮುಂಚೆ ಅಥವಾ ಹೊರಟ ತಕ್ಷಣ ಡ್ರಿಲ್ ಆಗಬೇಕು. ನಮ್ಮ ಪ್ರಶ್ನೆ ಇನ್ನೂ ಸಣ್ಣದು. ಅಪ್ಪು ಕ್ಲಬ್‌ನಲ್ಲಿದ್ದಾಗ ಸೈರನ್ ಆದರೆ ನೀವು ಕ್ಲಬ್‌ಗೆ ಓಡಬೇಕೋ, ಅಥವಾ ಅವರೇ ಅವನನ್ನು ನಿಮ್ಮ ಜಾಗಕ್ಕೆ ಕರೆತರುತ್ತಾರೋ? ಒಂದೊಂದು ಹಡಗಿನಲ್ಲಿ ಒಂದೊಂದು ಥರ. ಹತ್ತಿದ ದಿನವೇ ಕೇಳಿಕೊಳ್ಳಿ ಅಂದೆ.

ವಾಪಸ್ ಬಂದ ಮೇಲೆ ನಾಲ್ವರೂ ಒಮ್ಮೆ ಬಂದರು. ಗಂಡ ಹೆಂಡತಿ ಮೂರು ರಾತ್ರಿ ಇಬ್ಬರೇ ಕೂತಿದ್ದರು. ಮೊದಲ ರಾತ್ರಿ ಸುಮಾ ಎರಡು ಸಲ ಎದ್ದು ಹೋಗಿ ಕ್ಲಬ್‌ನ ಗಾಜಿನಿಂದ ಇಣುಕಿದರಂತೆ. ಮೂರನೇ ರಾತ್ರಿ ಇಣುಕಲಿಲ್ಲ.

ನಾಲ್ಕನೇ ದಿನ ಮಾತ್ರ ನಿಶಾ ಹೆಚ್ಚುಕಮ್ಮಿ ಒಂದು ಗಂಟೆ ತಡ. ಬಂದರು ಹತ್ತಿರವಾದಾಗ ಅವಳ ಫೋನ್ ದಡದ ಹೊತ್ತಿಗೆ ಬದಲಾಗಿತ್ತು, ಹಡಗಿನ ಗಡಿಯಾರ ಹಳೆಯ ಹೊತ್ತಿನಲ್ಲೇ ಇತ್ತು. ಇದು ನನಗೂ ಹೊಳೆದಿರಲಿಲ್ಲ. ರಘು ಡೆಕ್ಕಿನಿಂದ ಡೆಕ್ಕಿಗೆ ಓಡಾಡಿದರು. ಸುಮಾ ಲಿಫ್ಟಿನ ಪಕ್ಕ, ಹೇಳಿದ ಜಾಗದಲ್ಲೇ, ಅಲ್ಲಾಡದೆ ನಿಂತಿದ್ದರು. ನಿಶಾ ಆರಾಮಾಗಿ ನಡೆದು ಬಂದಳು, ಅವಳ ಲೆಕ್ಕದಲ್ಲಿ ಐದು ನಿಮಿಷ ಮುಂಚೆಯೇ.

"ಬೈದ್ರಾ?" ಅಂತ ಕೇಳಿದೆ.

"ಇಲ್ಲ ಆಂಟಿ. ಅಮ್ಮ ತಮ್ಮ ವಾಚ್ ಬಿಚ್ಚಿ ನನಗೆ ಕಟ್ಟಿದ್ರು." ಆ ವಾಚ್ ಇನ್ನೂ ಅವಳ ಕೈಯಲ್ಲೇ ಇತ್ತು, ಸಡಿಲವಾಗಿ.

ಅಪ್ಪುಗೆ ಇದ್ಯಾವುದೂ ಬೇಕಿರಲಿಲ್ಲ. ಅವನಿಗೆ ಆಟ ಆಗಬೇಕಿತ್ತು. ನಾನು ಹೊರಗೆ ಹೋಗಿ ತಟ್ಟಿ, ಸಿಬ್ಬಂದಿ ಅಂದೆ, ಟವೆಲ್ ಅಂದೆ. "ಅಲ್ಲೇ ಇಟ್ಟು ಹೋಗಿ!" ಅಂತ ಒಳಗಿನಿಂದ ಕೂಗಿದ. ಆಟ ಮುಗೀತು ಅಂತ ನಾನು ಎಷ್ಟು ಹೇಳಿದರೂ ಬಾಗಿಲು ತೆಗೆಯಲಿಲ್ಲ. ನನ್ನ ಕೋಣೆಗೆ ನನ್ನನ್ನು ಕೊನೆಗೆ ಸುಮಾ ಒಳಗೆ ಬಿಟ್ಟುಕೊಂಡರು.