ಬಯಾಪ್ಸಿ ನಾರ್ಮಲ್ ಬಂದಿದೆ, ಆದ್ರೆ ಜಠರದಲ್ಲಿ ಗಡ್ಡೆ ಇದೆ ಅಂದ್ರೆ ಏನರ್ಥ?

ನಿಮ್ಮ ಅಣ್ಣಂಗೆ ಎಂಡೋಸ್ಕೋಪಿಲಿ 4 ಸೆಂ.ಮೀ. ಗಡ್ಡೆ ಕಾಣಿಸಿದೆ, ಬಯಾಪ್ಸಿ ನಾರ್ಮಲ್ ಬಂದಿದೆ, ಇನ್ನು ಸುಮ್ನಿರಬಹುದಾ ಅಂತ ಕೇಳಿದೀರ. ದಯವಿಟ್ಟು ಸುಮ್ನಿರಬೇಡಿ. ನಾನು ಪೆಥಾಲಜಿಸ್ಟ್, ಇಂಥ ತುಣುಕುಗಳನ್ನ ಮೈಕ್ರೋಸ್ಕೋಪಲ್ಲಿ ನೋಡೋದೇ ನನ್ನ ಕೆಲಸ. ನಾವು ನಾರ್ಮಲ್ ಅಂತ ಬರೆಯೋದು ಕೈಗೆ ಬಂದ ತುಣುಕಿನ ಬಗ್ಗೆ ಅಷ್ಟೇ, ಗಡ್ಡೆ ಬಗ್ಗೆ ಅಲ್ಲ.

ಎಂಡೋಸ್ಕೋಪಿ ಚಿಮಟ ಕಿತ್ಕೊಂಡು ಬರೋದು ಜಠರದ ಮೇಲ್ಗಡೆ ಲೋಳೆಪೊರೆನ, ಅದೂ ಕೆಲವೇ ಮಿಲಿಮೀಟರ್. ಮಾಮೂಲಿ ಜಠರದ ಕ್ಯಾನ್ಸರ್ ಹುಟ್ಟೋದೇ ಆ ಪೊರೆಲಿ, ಅದಕ್ಕೆ ಸಿಕ್ಕಿಬೀಳುತ್ತೆ. ಆದ್ರೆ ಜಿಸ್ಟ್ (ಜೀರ್ಣಾಂಗದ ಗೋಡೆಯೊಳಗೆ ಹುಟ್ಟೋ ಒಂದು ಬಗೆ ಗಡ್ಡೆ) ಅಂತ ಒಂದಿದೆ, ಅದು ಬೆಳೆಯೋದು ಕೆಳಗಿನ ಸ್ನಾಯು ಪದರದಲ್ಲಿ, ಎಷ್ಟೋ ಸಲ ಪೊರೆ ಮೇಲೆ ನುಣ್ಣಗೆ ಹಾಗೇ ಇರುತ್ತೆ. ಚಾಪೆ ಕೆಳಗೆ ಕಲ್ಲಿದ್ರೆ ಚಾಪೆ ಚೂರು ಕತ್ತರಿಸಿ ನೋಡಿ ಏನು ಪ್ರಯೋಜನ ಹೇಳಿ.

ಮುಂದಿನ ಹೆಜ್ಜೆ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್. ಗಡ್ಡೆ ಯಾವ ಪದರದ್ದು ಅಂತ ಅದರಲ್ಲಿ ಕಾಣುತ್ತೆ, ಅಲ್ಲಿಂದಲೇ ಸೂಜಿ ಹಾಕಿ ಒಳಗಿನ ಸ್ಯಾಂಪಲ್ ತೆಗೀಬಹುದು, ಜೊತೆಗೆ ಸಿಟಿ ಸ್ಕ್ಯಾನ್ ಬೇಕು. ಸಲೀಸಾಗಿ ತೆಗೆಯೋ ಹಾಗಿದ್ರೆ ಕೆಲವು ಸರ್ಜನ್‌ಗಳು ಸೂಜಿ ಬಯಾಪ್ಸಿ ಬಿಟ್ಟು ನೇರ ಆಪರೇಷನ್ನಿಗೆ ಹೋಗ್ತಾರೆ, ಅದೂ ಸರಿಯೇ.

ಸ್ಯಾಂಪಲ್ ನಮ್ಮ ಹತ್ರ ಬಂದಾಗ ಸಾಮಾನ್ಯವಾಗಿ ಮೊದಲು ಕಾಣೋದು ಕದಿರಿನ ಹಾಗೆ ಉದ್ದುದ್ದ ಕೋಶಗಳ ಹಿಂಡು. ಲಿಯೋಮಯೋಮ, ಶ್ವಾನೋಮ ಅನ್ನೋ ಸಾಧು (ಕ್ಯಾನ್ಸರ್ ಅಲ್ಲದ) ಗಡ್ಡೆಗಳೂ ಹಾಗೇ ಇರ್ತವೆ, ಕಣ್ಣಳತೆಲಿ ಹೇಳೋಕಾಗಲ್ಲ. ಆಮೇಲೆ ಜಿಸ್ಟ್ ಕೋಶಗಳನ್ನ ಗುರುತಿಸೋ ಸಿಡಿ117, ಡಾಗ್1 ಅನ್ನೋ ಸ್ಟೇನ್ (ಬಣ್ಣದ ಪರೀಕ್ಷೆ) ಹಾಕ್ತೀವಿ, ಜಿಸ್ಟ್ ಆಗಿದ್ರೆ ಸಾಮಾನ್ಯವಾಗಿ ನೀಲಿ ಚುಕ್ಕೆಗಳ ಸುತ್ತ ಇಡೀ ಸ್ಲೈಡು ಕಂದು ಬಣ್ಣಕ್ಕೆ ತಿರುಗಿರುತ್ತೆ. ಎಷ್ಟು ವರ್ಷ ಆದ್ರೂ ಆ ಬಣ್ಣ ಕಂಡಾಗ ನಂಗೆ ಒಂಥರಾ ನಿರಾಳ, ಯಾಕಂದ್ರೆ ಹೆಸರು ಗೊತ್ತಾದ್ರೆ ದಾರಿ ಗೊತ್ತಾಗುತ್ತೆ. ಹಿಂದೆ ಜಿಸ್ಟ್‌ಗಳನ್ನ ಎಷ್ಟೋ ಸಲ ಸ್ನಾಯುವಿನ ಸಾರ್ಕೋಮ (ಸ್ನಾಯುವಿನ ಕ್ಯಾನ್ಸರ್) ಅಂತ ಬರೀತಿದ್ರು, ಕೀಮೋ ಕೊಟ್ರೆ ಹೆಚ್ಚುಕಮ್ಮಿ ಏನೂ ಆಗ್ತಿರ್ಲಿಲ್ಲ. 1998ರಲ್ಲಿ ಜಪಾನಿನ ಹಿರೋಟಾ ತಂಡ ಈ ಗಡ್ಡೆ ಬೆಳೆಸೋ ಕಿಟ್ ಅನ್ನೋ ಜೀನಿನ ದೋಷ ಕಂಡುಹಿಡಿದ್ರು, 2000ದಲ್ಲಿ ಫಿನ್ಲೆಂಡಿನಲ್ಲಿ ಮೊದಲ ರೋಗಿಗೆ ಆ ದೋಷಕ್ಕೇ ಗುರಿ ಇಡೋ ಇಮ್ಯಾಟಿನಿಬ್ ಮಾತ್ರೆ ಕೊಟ್ರು, 2002ಕ್ಕೆ ಅಮೆರಿಕದಲ್ಲಿ ಜಿಸ್ಟ್‌ಗೆ ಮಂಜೂರಾಯ್ತು.

ಹೆಸರು ಬದಲಾದ್ರೆ ಚಿಕಿತ್ಸೆ ಎಷ್ಟು ಬದಲಾಗುತ್ತೆ ನೋಡಿ, ಮಾಲ್ಟ್ ಲಿಂಫೋಮ ಅನ್ನೋ ಇನ್ನೊಂದು ಅಪರೂಪದ ಗಡ್ಡೆ ಇದೆ, ಎಚ್. ಪೈಲೋರಿ ಅನ್ನೋ ಜಠರದ ಬ್ಯಾಕ್ಟೀರಿಯಾ ಸೋಂಕಿನ ಜೊತೆ ಬಂದಿದ್ರೆ ಎಷ್ಟೋ ಜನಕ್ಕೆ ಬರೀ ಆ ಸೋಂಕಿನ ಆಂಟಿಬಯಾಟಿಕ್ ಕೋರ್ಸಿಗೇ ಕರಗುತ್ತೆ.

ಜಿಸ್ಟ್ ಅಂತಾದ್ರೆ, ಹರಡದೆ ಇದ್ರೆ, ಆಪರೇಷನ್ನೇ ಮುಖ್ಯ. ಬಹಳ ಸಲ ಪೂರ್ತಿ ಜಠರ ತೆಗೆಯೋದು ಬೇಡ, ಸುತ್ತ ಸ್ವಲ್ಪ ಅಂಚು ಸೇರಿಸಿ ಗಡ್ಡೆ ಮಾತ್ರ ತೆಗೀತಾರೆ, ಒಳಗೆ ಒಡೀದೇ ಇರೋ ಹಾಗೆ, ಯಾಕಂದ್ರೆ ಒಡೆದ್ರೆ ಮತ್ತೆ ಬರೋ ಅಪಾಯ ತುಂಬಾ ಜಾಸ್ತಿ. ಆಮೇಲೆ ನಾವು ಸೈಜು ಅಳೆದು, 5 ಚದರ ಮಿ.ಮೀ. ಜಾಗದಲ್ಲಿ ಎಷ್ಟು ಕೋಶ ವಿಭಜನೆ ಆಗ್ತಿವೆ ಅಂತ ಎಣಿಸ್ತೀವಿ. ಜಠರದ್ದು, 4 ಸೆಂ.ಮೀ., ಎಣಿಕೆ 5ರ ಒಳಗೆ ಅಂದ್ರೆ ಮತ್ತೆ ಬರೋ ರಿಸ್ಕ್ ತೀರಾ ಕಮ್ಮಿ, ಮಾತ್ರೆನೂ ಬೇಕಾಗಲ್ಲ. ರಿಸ್ಕ್ ಹೆಚ್ಚಿದ್ರೆ ಸಾಮಾನ್ಯವಾಗಿ ಇಮ್ಯಾಟಿನಿಬ್ ದಿನಕ್ಕೆ 400 ಮಿ.ಗ್ರಾಂ, 3 ವರ್ಷ. ಶುರು ಮಾಡೋ ಮುಂಚೆ ಮ್ಯುಟೇಶನ್ ಟೆಸ್ಟ್ (ಗಡ್ಡೆಯ ಜೀನಿನಲ್ಲಿ ಯಾವ ದೋಷ ಇದೆ ಅಂತ ನೋಡೋದು) ಮಾಡ್ಸಿ ಅಂತ ಕೇಳಿ, ಪಿಡಿಜಿಎಫ್‌ಆರ್‌ಎ ಅನ್ನೋ ಇನ್ನೊಂದು ಜೀನಿನಲ್ಲಿ ಡಿ842ವಿ ಅನ್ನೋ ದೋಷ ಇದ್ರೆ ಈ ಮಾತ್ರೆ ಕೆಲಸ ಮಾಡಲ್ಲ. ಆ ಟೆಸ್ಟಿಗೆ ಬೇಕಾಗೋದು ಗಡ್ಡೆಯ ತುಣುಕನ್ನ ಮೇಣದಲ್ಲಿ ಹುದುಗಿಸಿಟ್ಟ ಬ್ಲಾಕು, ಅದು ಯಾವ ಲ್ಯಾಬಲ್ಲಿದೆ, ಅದರ ನಂಬರ್ ಏನು ಅಂತ ಬರೆದಿಟ್ಕೊಳ್ಳಿ.

ಇದರ ಮಧ್ಯೆ ಅಣ್ಣಂಗೆ ಮಲ ಟಾರಿನ ಹಾಗೆ ಕಪ್ಪಗೆ ಹೋದ್ರೆ, ತಲೆ ಸುತ್ತಿದ್ರೆ, ಅಪಾಯಿಂಟ್‌ಮೆಂಟ್ ದಿನಕ್ಕೆ ಕಾಯಬೇಡಿ, ಗಡ್ಡೆಯಿಂದ ರಕ್ತ ಸೋರ್ತಿರಬಹುದು, ಆ ಕ್ಷಣವೇ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ.